ಸೆನ್ಸರ್ ಬದಲಾಯಿಸಿದ ಮೇಲೆ ಫ್ಯಾನು ನಿಲ್ಲುತ್ತಿಲ್ಲ, ಇಸಿಯು ಹೋಯಿತೇ?

ಪ್ರಶ್ನೆ: ನಮ್ಮ ಮನೆಯಲ್ಲಿ 2004ರ ಮಾರುತಿ ಎಸ್ಟೀಮ್ ಇದೆ. ಅಪ್ಪ ತೆಗೆದುಕೊಂಡಿದ್ದು, 1,38,000 ಕಿ.ಮೀ. ಓಡಿದೆ. ಊರು ತೀರ್ಥಹಳ್ಳಿ ಹತ್ತಿರ. ಮಳೆಗಾಲ ಶುರುವಾದ ಮೇಲೆ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಚೆಕ್ ಎಂಜಿನ್ ಲೈಟೂ ಬಂತು. ಕೂಲೆಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಂಪಿಡುವ ನೀರಿನ ಬಿಸಿ ಅಳೆಯುವುದು) ಹೋಗಿರಬೇಕು ಎಂದು ಪರಿಚಯದವರೊಬ್ಬರು ಹೇಳಿದರು. ವಿಡಿಯೋ ನೋಡಿಕೊಂಡು ನಾನೇ ಮನೆಯಲ್ಲಿ ಬದಲಾಯಿಸಿದೆ. ಮೊದಲು ತಪ್ಪಿ ಪಕ್ಕದಲ್ಲಿದ್ದ ಒಂದೇ ವೈರಿನ ಸೆನ್ಸರ್ ಬಿಚ್ಚಿದ್ದೆ. ಅದನ್ನು ವಾಪಸ್ ಹಾಕಿ, ಆಮೇಲೆ ಸರಿಯಾದದ್ದನ್ನು ಬದಲಾಯಿಸಿದೆ. ಲೀಕ್ ಆಗದಿರಲಿ ಎಂದು ಎರಡಕ್ಕೂ ಟೆಫ್ಲಾನ್ ಟೇಪ್ ಸುತ್ತಿದ್ದೇನೆ. ಎರಡು ದಿನ ಚೆನ್ನಾಗಿತ್ತು. ಈಗ ಲೈಟು ಬರುತ್ತದೆ, ಹೋಗುತ್ತದೆ. ಕೆಲವು ಸಲ ಕೀ ತಿರುಗಿಸಿದ ಕೂಡಲೇ, ಎಂಜಿನ್ ತಣ್ಣಗಿದ್ದರೂ, ರೇಡಿಯೇಟರ್ ಫ್ಯಾನು ಓಡಲು ಶುರು. ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ, 1,400 ಆರ್‌ಪಿಎಂ ಮೇಲಿದೆ. ಪೆಟ್ರೋಲ್ ವಾಸನೆ ಬರುತ್ತದೆ, ಮೈಲೇಜು 14ರಿಂದ 10ಕ್ಕೆ ಇಳಿದಿದೆ. ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ಮೊದಲಿನಷ್ಟು ಏರುವುದೇ ಇಲ್ಲ. ಗ್ಯಾರೇಜಿನವರು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಸೆಕೆಂಡ್ ಹ್ಯಾಂಡ್ 8,000 ರೂಪಾಯಿಗೆ ಹಾಕಿಕೊಡುತ್ತೇವೆ, ಜೊತೆಗೆ ಆಕ್ಸಿಜನ್ ಸೆನ್ಸರೂ ಬದಲಾಯಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಮಾತು, ‘ಮೊದಲು ತಪ್ಪಿ ಪಕ್ಕದ ಸೆನ್ಸರ್ ಬಿಚ್ಚಿದ್ದೆ’ ಎನ್ನುವುದು. ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. ಗಾಡಿ ತಂದು ನಿಲ್ಲಿಸಿ, ‘ಏನೂ ಮಾಡಿಲ್ಲ ಸಾರ್, ತಾನಾಗೇ ಹಿಂಗಾಯ್ತು’ ಎನ್ನುತ್ತಾರೆ. ಆಮೇಲೆ ಅವರು ಮುಟ್ಟಿದ್ದು ಎಲ್ಲಿ ಎಂದು ಹುಡುಕುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ನೀವು ಆ ಅರ್ಧ ದಿನ ಉಳಿಸಿದ್ದೀರಿ. ನಿಮ್ಮ ತೊಂದರೆಯ ಅರ್ಧ ಉತ್ತರವೂ ಆ ಮಾತಿನಲ್ಲೇ ಇದೆ.

ಮೊದಲು ಇಸಿಯು ವಿಷಯ ಮುಗಿಸಿಬಿಡೋಣ. ಈಗಲೇ ಕೊಳ್ಳಬೇಡಿ. ಸೆನ್ಸರ್ ಮುಟ್ಟುವ ತನಕ ಕಾರು ಓಡುತ್ತಿತ್ತು, ಈಗಲೂ ಓಡುತ್ತಿದೆ. ಲೈಟು ಬಂದು ಹೋಗುತ್ತಿದೆ ಎಂದರೆ ಯಾವುದೋ ಸಂಪರ್ಕ ಹಿಡಿದು ಬಿಡುತ್ತಿದೆ. ಎಲ್ಲೋ ಒಂದು ಕಡೆ ಸಡಿಲ. ಕೆಟ್ಟುಹೋದ ಇಸಿಯು ಸಾಮಾನ್ಯವಾಗಿ ಇಷ್ಟು ಸಭ್ಯವಾಗಿ ನಡೆದುಕೊಳ್ಳುವುದಿಲ್ಲ. ಅದೂ ಅಲ್ಲದೆ, ಅದು ಸತ್ತಿದೆಯೋ ಬದುಕಿದೆಯೋ ಎಂದು ನೋಡಲು 300–400 ರೂಪಾಯಿಯ ಒಂದು ಮಲ್ಟಿಮೀಟರ್ ಸಾಕು. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈ ಸೆನ್ಸರ್ ಒಳಗೆ ಇರುವುದು ಒಂದು ಪುಟ್ಟ ಥರ್ಮಿಸ್ಟರ್. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಆ ಕಾಲದ ಜಪಾನಿ ಮೂಲದ ಎಂಜಿನ್‌ಗಳಲ್ಲಿ ಸಾಮಾನ್ಯ ಲೆಕ್ಕ ಹೀಗೆ: 20 ಡಿಗ್ರಿಯಲ್ಲಿ ಸುಮಾರು 2,200ರಿಂದ 2,700 ಓಮ್, 40 ಡಿಗ್ರಿಯಲ್ಲಿ 1,100ರ ಆಸುಪಾಸು, 80 ಡಿಗ್ರಿಯಲ್ಲಿ ಕೇವಲ 300 ಚಿಲ್ಲರೆ. ಇಸಿಯು ಒಂದು ವೈರಿನಲ್ಲಿ 5 ವೋಲ್ಟ್ ಕಳಿಸಿ, ಸೆನ್ಸರ್ ಅದನ್ನು ಎಷ್ಟಕ್ಕೆ ಇಳಿಸಿತು ಎಂದು ನೋಡುತ್ತದೆ. ಜಾಸ್ತಿ ವೋಲ್ಟೇಜ್ ಉಳಿದರೆ ಎಂಜಿನ್ ತಣ್ಣಗಿದೆ, ಕಡಿಮೆ ಉಳಿದರೆ ಬಿಸಿ ಇದೆ ಎಂದು ಅರ್ಥ. ಅಷ್ಟೇ ಅದರ ವಿದ್ಯೆ.

ಈಗ ವೈರು ಪೂರ್ತಿ ಬಿಟ್ಟುಹೋಯಿತು ಎಂದುಕೊಳ್ಳಿ. 5 ವೋಲ್ಟೂ ಹಾಗೇ ಉಳಿಯುತ್ತದೆ. ಇಸಿಯು ಲೆಕ್ಕದಲ್ಲಿ ಅದು ಮೈನಸ್ 40 ಡಿಗ್ರಿಗೂ ಕೆಳಗೆ. ತೀರ್ಥಹಳ್ಳಿಯಲ್ಲಿ ಮೈನಸ್ 40! ಅದೂ ನಂಬುವುದಿಲ್ಲ. ‘ಸೆನ್ಸರ್ ಸುಳ್ಳು ಹೇಳುತ್ತಿದೆ’ ಎಂದು ಲೈಟು ಹೊತ್ತಿಸುತ್ತದೆ, ತನ್ನದೇ ಒಂದು ಅಂದಾಜು ಬಿಸಿಯನ್ನು ಇಟ್ಟುಕೊಂಡು ಪೆಟ್ರೋಲ್ ಅಳೆಯುತ್ತದೆ. ಎಂಜಿನ್ ನಿಜವಾಗಿ ಎಷ್ಟು ಬಿಸಿ ಇದೆ ಎಂದು ಗೊತ್ತಾಗದ ಕಾರಣ, ಯಾವುದಕ್ಕೂ ಇರಲಿ ಎಂದು ಫ್ಯಾನು ಓಡಿಸಿಬಿಡುತ್ತದೆ. ತಣ್ಣನೆ ಎಂಜಿನ್ ಮುಂದೆ ಫ್ಯಾನು ತಿರುಗುವುದು ನಿಮಗೆ ಹುಚ್ಚಾಟದಂತೆ ಕಂಡಿರಬಹುದು. ಅದು ಇಸಿಯು ತಲೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಲಕ್ಷಣ.

ಇದು ಪೂರ್ತಿ ಬಿಟ್ಟಾಗಿನ ಕಥೆ. ಅರ್ಧ ಬಿಟ್ಟಾಗ ಇನ್ನೂ ಮಜಾ ಇದೆ. ವೈರನ್ನು ಸೆನ್ಸರಿಗೆ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಒಳಗೆ ಪಿನ್ನು ಸಡಿಲವಾಗಿ ಕೂತಿದ್ದರೆ, ಅಥವಾ ಹಸಿರು ಕಿಲುಬು ಹಿಡಿದಿದ್ದರೆ, ಆ ಜಾಗವೇ ಒಂದು ರೆಸಿಸ್ಟೆನ್ಸ್ ಆಗಿಬಿಡುತ್ತದೆ. 1,000 ಓಮ್ ಎಂದಿಟ್ಟುಕೊಳ್ಳಿ. ಎಂಜಿನ್ ಪೂರ್ತಿ ಬಿಸಿಯಾಗಿದೆ, ಸೆನ್ಸರ್ ಪಾಪ 300 ಎಂದು ಸರಿಯಾಗೇ ಹೇಳುತ್ತಿದೆ. ಇಸಿಯುಗೆ ಕೇಳಿಸುವುದು 1,300. ಅಂದರೆ 35–36 ಡಿಗ್ರಿ. ಇದು ನಂಬುವಂಥ ಸಂಖ್ಯೆ. ಹಾಗಾಗಿ ಲೈಟು ಬರುವುದಿಲ್ಲ. ‘ಓಹೋ, ಇನ್ನೂ ಬೆಳಗ್ಗೆ’ ಎಂದು ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಐಡಲ್ ಏರಿಸಿ ಇಡುತ್ತದೆ. ವಾಸನೆ, ಬಿದ್ದ ಮೈಲೇಜು, 1,400ರ ಐಡಲ್, ಮಧ್ಯೆ ಮಧ್ಯೆ ಲೈಟು ಮತ್ತು ಫ್ಯಾನು — ಇಷ್ಟಕ್ಕೂ ಒಂದೇ ಸಡಿಲ ಕಪ್ಲರ್ ಸಾಕು. ನನ್ನ ಮೊದಲ ಅನುಮಾನ ಅದರ ಮೇಲೇ.

20 ವರ್ಷ ಎಂಜಿನ್ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗಾಗಿರುತ್ತದೆ. ಕಪ್ಲರ್ ಎಳೆಯುವಾಗ ಲಾಕಿನ ಕಿವಿ ಟಕ್ ಎಂದು ಮುರಿದಿದ್ದು ನಿಮಗೆ ಗೊತ್ತಾಗದೇ ಇರಬಹುದು. ಈಗ ಬಾನೆಟ್ ತೆಗೆದು ನೋಡಿ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ. ಫ್ಯಾನು ಹೇಳದೆ ಕೇಳದೆ ತಿರುಗುವ ಗಾಡಿ ಇದು, ಬೆರಳು ಜೋಪಾನ. ಕಪ್ಲರನ್ನು ಮೆಲ್ಲಗೆ ಎಳೆಯಿರಿ. ಲಾಕ್ ಒತ್ತದೆ ಬಂದುಬಿಟ್ಟರೆ ಲಾಕ್ ಹೋಗಿದೆ. ಈಗ ಅದರ ಬಾಯಿಯೊಳಗೆ ಟಾರ್ಚ್ ಬಿಡಿ. ಎರಡು ಲೋಹದ ತೂತುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಹಿಂದೆ ಸರಿದಿದ್ದರೆ, ನೀವು ಕಪ್ಲರ್ ಒತ್ತಿದಾಗ ಪಿನ್ನು ಅದರೊಳಗೆ ಹೋಗುವ ಬದಲು ಅದನ್ನೇ ಹಿಂದಕ್ಕೆ ತಳ್ಳಿದೆ. ಆಮೇಲೆ ಒಂದೊಂದೇ ವೈರನ್ನು ಹಿಂದಿನಿಂದ ಮೆತ್ತಗೆ ಎಳೆದು ನೋಡಿ. ಕೈಗೆ ಬಂದರೆ ಕಳ್ಳ ಸಿಕ್ಕ.

ಇನ್ನೊಂದು ಕೇಳಬೇಕು. ವಿಡಿಯೋ ನೋಡಿ ಮಲ್ಟಿಮೀಟರಿನ ಮೊನೆಯನ್ನು ಆ ತೂತಿಗೆ ತುರುಕಿದ್ದಿರಾ? ಮೀಟರಿನ ಮೊನೆ ಸೆನ್ಸರಿನ ಪಿನ್ನಿಗಿಂತ ದಪ್ಪ. ಒಂದು ಸಲ ತುರುಕಿದರೆ ತೂತು ಅಗಲವಾಗಿ, ಆಮೇಲೆ ಪಿನ್ನನ್ನು ಬಿಗಿಯಾಗಿ ಹಿಡಿಯುವುದೇ ಇಲ್ಲ. ಎರಡು ದಿನ ಚೆನ್ನಾಗಿದ್ದು ಆಮೇಲೆ ಶುರುವಾಗುವ ತೊಂದರೆಗೆ ಇದು ಹೇಳಿ ಮಾಡಿಸಿದ ಕಾರಣ. ಪರೀಕ್ಷೆಗೆ ಯಾವಾಗಲೂ ಕಪ್ಲರಿನ ಹಿಂಭಾಗದಿಂದ, ವೈರಿನ ಪಕ್ಕ, ಒಂದು ಸಣ್ಣ ಗುಂಡುಪಿನ್ನು ಇಳಿಸಿ ಅದಕ್ಕೆ ಮೀಟರ್ ಹಿಡಿಯಬೇಕು. ತೂತು ಅಗಲವಾಗಿದ್ದರೆ ಸಣ್ಣ ಸೂಜಿಯಿಂದ ಒಳಗಿನ ನಾಲಿಗೆಯನ್ನು ಒಂದು ಕೂದಲಿನಷ್ಟು ಒತ್ತಿದರೆ ಸಾಕು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಕಪ್ಲರೇ ಮುರಿದಿದ್ದರೆ ಗುಜರಿಯಲ್ಲಿ ಎರಡು ವೈರಿನ ಅದೇ ಅಚ್ಚಿನ ಕಪ್ಲರ್ ವೈರಿನ ಬಾಲದ ಸಮೇತ ಸಿಗುತ್ತದೆ. ಬೆಸುಗೆ ಹಾಕಿಸಿ, ಹೀಟ್ ಶ್ರಿಂಕ್ ತೊಡಿಸಿ. ಎರಡು ವೈರು ತಿರುಚಿ ಮೇಲೆ ಕರಿ ಟೇಪ್ ಸುತ್ತುವ ಕೆಲಸ ಮಲೆನಾಡಿನ ಮಳೆಗೆ ಒಂದು ತಿಂಗಳೂ ಬಾಳುವುದಿಲ್ಲ.

ಈಗ ಇಸಿಯು ಪರೀಕ್ಷೆ. ಬ್ಯಾಟರಿ ಮತ್ತೆ ಜೋಡಿಸಿ. ಸೆನ್ಸರಿನ ಕಪ್ಲರ್ ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡುವುದು ಬೇಡ. ಕಪ್ಲರಿನ ಎರಡು ವೈರುಗಳ ನಡುವೆ ವೋಲ್ಟೇಜ್ ನೋಡಿ. 5ರ ಹತ್ತಿರ ಬಂದರೆ ಇಸಿಯು ಈ ದಾರಿಯಲ್ಲಿ ಬದುಕಿದೆ, ಅದರ ಅರ್ಥಿಂಗೂ ಸರಿ ಇದೆ, ನಡುವಿನ ವೈರೂ ಸರಿ ಇದೆ. 8,000 ರೂಪಾಯಿ ಜೇಬಿನಲ್ಲೇ ಉಳಿಯಿತು. 5 ಬರದಿದ್ದರೆ ಒಂದು ಮೊನೆಯನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಮತ್ತೆ ನೋಡಿ. ಆಗ ಬಂದರೆ ಅರ್ಥಿಂಗ್ ವೈರು ಎಲ್ಲೋ ತುಂಡಾಗಿದೆ. ಆಗಲೂ ಬರದಿದ್ದರೆ ವೈರು ಹಿಡಿದುಕೊಂಡು ಇಸಿಯು ತನಕ ಹೋಗಬೇಕು. ಇಸಿಯು ಮೇಲೆ ಅನುಮಾನ ಪಡುವ ಸರದಿ ಬರುವುದು ಅಲ್ಲಿ, ಅದಕ್ಕಿಂತ ಮುಂಚೆ ಅಲ್ಲ.

ಇದೇ ಹೊತ್ತಿನಲ್ಲಿ ಫ್ಯಾನು ನೋಡಿ. ಕಪ್ಲರ್ ಬಿಚ್ಚಿದಾಗ ಓಡಿ, ಜೋಡಿಸಿ ಕೀ ಆಫ್-ಆನ್ ಮಾಡಿದಾಗ ನಿಂತರೆ ಮೇಲೆ ಹೇಳಿದ ಕಥೆ ಪಕ್ಕಾ. ಸೆನ್ಸರ್ ಜೋಡಿಸಿದ್ದರೂ ಬಿಚ್ಚಿದ್ದರೂ ಫ್ಯಾನು ತನ್ನ ಪಾಡಿಗೆ ಓಡುತ್ತಿದ್ದರೆ ಹಳೇ ಎಲೆಕ್ಟ್ರಿಷಿಯನ್ ಯಾರೋ ಎಂದೋ ‘ಡೈರೆಕ್ಟ್’ ಕೊಟ್ಟಿದ್ದಾರೆ, ಅಂದರೆ ಇಸಿಯುವನ್ನು ಬಿಟ್ಟು ಫ್ಯಾನಿಗೆ ನೇರ ಕರೆಂಟು ಎಳೆದಿದ್ದಾರೆ, ಅಥವಾ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇ ಅಂಟಿಕೊಂಡಿದೆ. ಹಳೆಯ ಗಾಡಿಗಳಲ್ಲಿ ಈ ಡೈರೆಕ್ಟ್ ಕೊಡುವ ರೋಗ ಎಷ್ಟು ಸಾಮಾನ್ಯ ಅಂದರೆ, ನಾನು ಬಾನೆಟ್ ತೆಗೆದ ಕೂಡಲೇ ಫ್ಯಾನಿನ ವೈರು ಎಲ್ಲಿಗೆ ಹೋಗಿದೆ ಎಂದು ನೋಡುತ್ತೇನೆ.

ಇನ್ನು ಮೀಟರಿನ ಮುಳ್ಳು. ಇದು ಬೇರೆಯೇ ಕೇಸು. ಎರಡನ್ನೂ ಒಂದೇ ಎಂದುಕೊಂಡಿದ್ದಕ್ಕೇ ಗ್ಯಾರೇಜಿನವರಿಗೆ ಇಸಿಯು ಕಂಡಿರಬೇಕು. ನೀವು ಬದಲಾಯಿಸಿದ ಎರಡು ವೈರಿನ ಸೆನ್ಸರ್ ಮಾತಾಡುವುದು ಇಸಿಯು ಜೊತೆ. ತಪ್ಪಿ ಬಿಚ್ಚಿದ ಒಂಟಿ ವೈರಿನದು ಮಾತಾಡುವುದು ಡ್ಯಾಶ್‌ಬೋರ್ಡಿನ ಮುಳ್ಳಿನ ಜೊತೆ. ಒಂಟಿ ವೈರಿನದಕ್ಕೆ ಎರಡನೇ ವೈರು ಎಲ್ಲಿ? ಅದರ ಮೈಯೇ ಎರಡನೇ ವೈರು. ಹಿತ್ತಾಳೆಯ ಮರೆ (ತಿರುಗಿಸಿ ಕೂರಿಸುವ ಸ್ಕ್ರೂ ಗೆರೆ) ಎಂಜಿನ್ನಿನ ಲೋಹಕ್ಕೆ ತಾಗಿ ಅರ್ಥಿಂಗ್ ಆಗಬೇಕು. ನೀವು ಆ ಮರೆಯ ಮೇಲೆ ಟೆಫ್ಲಾನ್ ಸುತ್ತಿದ್ದೀರಿ. ಟೆಫ್ಲಾನಿನಲ್ಲಿ ಕರೆಂಟು ಹರಿಯುವುದಿಲ್ಲ. ಬಿಗಿಯುವಾಗ ಮರೆ ಟೇಪನ್ನು ಅಲ್ಲಲ್ಲಿ ಕತ್ತರಿಸಿ ಹೇಗೋ ತಾಗುತ್ತದೆ, ಆದರೆ ಅರೆಬರೆ. ಹಾಗಾಗಿ ಮುಳ್ಳು ಅರ್ಧಂಬರ್ಧ ಏರಿ ನಿಲ್ಲುತ್ತದೆ. ಎರಡು ವೈರಿನ ಸೆನ್ಸರಿಗೆ ಟೇಪ್ ಸುತ್ತಿದ್ದರಿಂದ ಕರೆಂಟಿನ ಮಟ್ಟಿಗೆ ಏನೂ ಆಗುವುದಿಲ್ಲ, ಅದರ ಅರ್ಥಿಂಗ್ ವೈರಿನಲ್ಲೇ ಇದೆ. ಆದರೂ ಅಲ್ಲಿಯೂ ಟೇಪ್ ಬೇಡ. ಟೇಪಿನ ಜಾರಿಕೆಗೆ ಕೈ ಅಂದಾಜು ತಪ್ಪಿ ಜಾಸ್ತಿ ಬಿಗಿದರೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಅಲ್ಯೂಮಿನಿಯಂ ಮ್ಯಾನಿಫೋಲ್ಡಿನ ಮರೆ ಕಿತ್ತು ಬರುತ್ತದೆ. ಸುಜುಕಿಯ ಈ ಗಾತ್ರದ ಸೆನ್ಸರಿಗೆ 15 ನ್ಯೂಟನ್ ಮೀಟರಿನಷ್ಟು ಬಿಗಿತ ಸಾಕು. ಗಿಡ್ಡ ಸ್ಪ್ಯಾನರ್ ಹಿಡಿದು ಮಣಿಕಟ್ಟಿನ ಬಲ ಮಾತ್ರ ಹಾಕಿ, ಭುಜ ಹಾಕಬೇಡಿ. ಲೀಕ್ ತಡೆಯುವುದು ವಾಷರ್ ಕೆಲಸ. ಹೊಸ ಸೆನ್ಸರಿನ ಜೊತೆ ಹೊಸ ವಾಷರ್ ಬಂದಿರುತ್ತದೆ, ಅದನ್ನು ಹಾಕಿದ್ದೀರಾ ನೋಡಿ.

ಟೇಪೇ ಕಾರಣ ಎಂದು ಖಚಿತ ಮಾಡಿಕೊಳ್ಳಲು ಬಿಚ್ಚಬೇಕಾಗಿಲ್ಲ. 10–15 ನಿಮಿಷ ಓಡಿಸಿ ಬನ್ನಿ. ಎಂಜಿನ್ ಚಾಲೂ ಇಟ್ಟು, ಒಂದು ಉದ್ದದ ವೈರಿನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿಯನ್ನು ಆ ಒಂಟಿ ವೈರಿನ ಸೆನ್ಸರಿನ ಹಿತ್ತಾಳೆ ಮೈಗೆ ಹಿಡಿಯಿರಿ. ಬೆಲ್ಟು, ಫ್ಯಾನಿನಿಂದ ವೈರು ದೂರ ಇರಲಿ. ಮನೆಯವರೊಬ್ಬರು ಒಳಗೆ ಕೂತು ಮುಳ್ಳು ನೋಡಲಿ. ಮೆಲ್ಲಗೆ ಮಾಮೂಲಿ ಜಾಗಕ್ಕೆ ಏರಿತು ಎಂದರೆ ತಪ್ಪು ಟೇಪಿನದು. ಎಂಜಿನ್ ಪೂರ್ತಿ ಆರಿದ ಮೇಲೆ ಬಿಚ್ಚಿ, ಟೇಪನ್ನು ಮರೆಯ ಸಂದಿಯಿಂದಲೂ ಬಿಡಿಸಿ, ವೈರ್ ಬ್ರಶ್ಶಿನಲ್ಲಿ ಉಜ್ಜಿ ಹಾಕಿ.

ಇದನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ. ಮೈಲೇಜು ಕಡಿಮೆಯಾದರೆ ದುಡ್ಡು ಹೋಗುತ್ತದೆ, ಅಷ್ಟೇ. ಮುಳ್ಳು ಸುಳ್ಳು ಹೇಳಿದರೆ ಎಂಜಿನ್ ಹೋಗುತ್ತದೆ. ನೀವು ಆಗುಂಬೆ ಘಾಟಿ ಹತ್ತುತ್ತಿರುತ್ತೀರಿ, ಹೋಸ್ ಒಂದು ಒಡೆದು ನೀರು ಖಾಲಿಯಾಗಿರುತ್ತದೆ, ಮುಳ್ಳು ತಣ್ಣಗೆ ಕೆಳಗೇ ಕೂತಿರುತ್ತದೆ. ನಿಮಗೆ ಗೊತ್ತಾಗುವಾಗ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತದೆ.

ವೈರು ಹಿಡಿದರೂ ಮುಳ್ಳು ಏರಲಿಲ್ಲ ಎಂದರೆ? ಆಗ ಮುಳ್ಳು ನಿಜವನ್ನೇ ಹೇಳುತ್ತಿರಬಹುದು. ಎಂಜಿನ್ ಬಿಸಿಯಾಗುತ್ತಲೇ ಇಲ್ಲ. ಕಾರಣ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಅದು ತೆರೆದೇ ನಿಂತಿರಬಹುದು, ಅಥವಾ ಇಲ್ಲದೇ ಇರಬಹುದು. ‘ನಮ್ಮ ಹವೆಗೆ ಇದು ಬೇಡ ಸಾರ್, ತೆಗೆದುಹಾಕಿದರೆ ಗಾಡಿ ಹೀಟ್ ಆಗಲ್ಲ’ ಎಂದು ಕಿತ್ತು ಬಿಸಾಡಿದ ಥರ್ಮೋಸ್ಟಾಟ್‌ಗಳಿಗೆ ಲೆಕ್ಕವಿಲ್ಲ. ಕಾರ್ಬೊರೇಟರ್ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ನಿಮ್ಮದರಂಥ, ಇಸಿಯು ಅಳೆದು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಯಲ್ಲಿ ಎಂಜಿನ್ 80 ಡಿಗ್ರಿ ಮುಟ್ಟದಿದ್ದರೆ ಇಸಿಯು ಜಾಸ್ತಿ ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಹಲವಾರು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಲೇ ಕೈ ಸುಡುವಂತಾದರೆ ಥರ್ಮೋಸ್ಟಾಟ್ ಇದೆ, ಕೆಲಸ ಮಾಡುತ್ತಿದೆ. ಮೊದಲಿನಿಂದಲೇ ಉಗುರುಬೆಚ್ಚಗೆ ಮೆಲ್ಲಮೆಲ್ಲಗೆ ಏರುತ್ತ ಹೋದರೆ ಅದು ತೆರೆದಿದೆ ಅಥವಾ ಇಲ್ಲ. ಹೊಸದು ಹಾಕಿಸಿ, ದೊಡ್ಡ ಖರ್ಚೇನಲ್ಲ.

ಸೆನ್ಸರ್ ಬಿಚ್ಚಿದಾಗ ಸ್ವಲ್ಪ ಕೂಲೆಂಟ್ ಚೆಲ್ಲಿರುತ್ತದೆ. ಆ ಜಾಗಕ್ಕೆ ಗಾಳಿ ಹೋಗಿರುತ್ತದೆ. ಸೆನ್ಸರಿನ ತಲೆ ನೀರಿನಲ್ಲಿ ಮುಳುಗಿರುವ ಬದಲು ಗಾಳಿಯ ಗುಳ್ಳೆಯಲ್ಲಿ ಕೂತರೆ ಅದು ಹೇಳುವ ಬಿಸಿಗೆ ಅರ್ಥವೇ ಇಲ್ಲ. ಸೆನ್ಸರ್ ಹಾಕಿದ ಮೇಲೆ ರೇಡಿಯೇಟರ್ ತುಂಬಿಸಿದಿರಾ, ಬರೀ ರಿಸರ್ವ್ ಬಾಟಲಿಗೆ ಹೊಯ್ದಿರಾ ಎಂದು ನೀವು ಬರೆದಿಲ್ಲ. ಹೆಚ್ಚಿನವರು ಬಾಟಲಿಗೆ ಹೊಯ್ದು ಕೈ ತೊಳೆಯುತ್ತಾರೆ. ತಣ್ಣಗಿರುವಾಗ, ಮೂತಿ ಮೇಲೆ ಮಾಡಿ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರ್ ಕ್ಯಾಪ್ ತೆಗೆದು, ಹೀಟರ್ ಫುಲ್ ಬಿಸಿಗೆ ಇಟ್ಟು, ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ಮೆಲ್ಲಗೆ ತುಂಬಿಸಿ. ಬಿಸಿ ಎಂಜಿನ್ನಿನ ಕ್ಯಾಪ್ ಮುಟ್ಟುವ ಸಾಹಸ ಯಾವ ಕಾರಣಕ್ಕೂ ಬೇಡ. ಅಂಗಳದಲ್ಲಿ ಚೆಲ್ಲಿದ ಕೂಲೆಂಟ್ ಮೇಲೆ ಬಕೆಟ್ ಗಟ್ಟಲೆ ನೀರು ಹೊಯ್ದುಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಐಡಲ್ ಬಗ್ಗೆ ಒಂದು ಮಾತು. ಕಪ್ಲರ್ ಸರಿಮಾಡಿದ ಮೇಲೆ ಐಡಲ್ಲೂ ಇಳಿದರೆ ಸರಿ. ಎಲ್ಲ ಸರಿಯಾಗಿ ಐಡಲ್ ಮಾತ್ರ ಮೇಲೇ ನಿಂತಿದ್ದರೆ ಆ ಸೆನ್ಸರ್ ಇರುವ ಜಾಗದ ಸುತ್ತ ನೋಡಿ. ಅಲ್ಲಿಗೆ ಕೈ ಹಾಕಲು ಏರ್ ಫಿಲ್ಟರಿನ ಪೈಪು ಸರಿಸಿರುತ್ತೀರಿ, ಸಣ್ಣ ರಬ್ಬರ್ ವ್ಯಾಕ್ಯೂಮ್ ಪೈಪುಗಳನ್ನು ಅತ್ತಿತ್ತ ಮಾಡಿರುತ್ತೀರಿ. ಒಂದು ಪೈಪು ಜಾರಿದರೂ, ಬಿರುಕು ಬಿಟ್ಟರೂ ಮ್ಯಾನಿಫೋಲ್ಡಿಗೆ ಕಳ್ಳಗಾಳಿ ನುಗ್ಗುತ್ತದೆ. ಈ ಎಂಜಿನ್ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾಪ್ ಸೆನ್ಸರ್ ಮ್ಯಾನಿಫೋಲ್ಡಿನ ಒತ್ತಡ ನೋಡಿ ಅಂದಾಜು ಮಾಡುತ್ತದೆ. ಒತ್ತಡ ಏರಿದರೆ ‘ಲೋಡ್ ಜಾಸ್ತಿ’ ಎಂದುಕೊಂಡು ಪೆಟ್ರೋಲೂ ಜಾಸ್ತಿ ಕೊಡುತ್ತದೆ. ಹಾಗಾಗಿ ಐಡಲ್ಲೂ ಏರುತ್ತದೆ, ವಾಸನೆಯೂ ಬರುತ್ತದೆ.

ಇದು ನನಗೆ ಪುಸ್ತಕದಿಂದ ಬಂದ ಪಾಠ ಅಲ್ಲ. ಕೆಲಸ ಕಲಿತ ಹೊಸದರಲ್ಲಿ ನನ್ನದೇ ಹಳೆ ಕಾರಿನ ಸೆನ್ಸರ್ ಬದಲಾಯಿಸಿ, ಐಡಲ್ ಏರಿದ್ದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಐಡಲ್ ವಾಲ್ವ್ ಬಿಚ್ಚಿ ತೊಳೆದೆ, ಇನ್ನೊಂದು ಸೆನ್ಸರ್ ತಂದು ಹಾಕಿದೆ. ಕೊನೆಗೆ ಪಕ್ಕದ ಮನೆಯ ಹುಡುಗ ಬಾನೆಟ್ ಮೇಲೆ ಬಗ್ಗಿ, ‘ಅಂಕಲ್, ಇಲ್ಲಿ ಹಾವು ಬುಸ್ ಅಂದಂಗೆ ಸದ್ದು ಬರ್ತಿದೆ’ ಎಂದ. ಕಿರುಬೆರಳಿನಷ್ಟು ದಪ್ಪದ ಪೈಪು. ನಾನೇ ಬಿಚ್ಚಿ, ನಾನೇ ಹಾಕಲು ಮರೆತಿದ್ದೆ. ನೀವೂ ಹಾಗೇ ಕಿವಿ ಕೊಟ್ಟು ಕೇಳಿ. ಅನುಮಾನ ಬಂದ ಜಾಗಕ್ಕೆ ಸೋಪಿನ ನೀರು ಸವರಿ, ಐಡಲ್ ಬದಲಾದರೆ ಅಲ್ಲೇ ಇದೆ. ವಿಡಿಯೋಗಳಲ್ಲಿ ಪೆಟ್ರೋಲೋ ಕಾರ್ಬ್ ಕ್ಲೀನರೋ ಚಿಮುಕಿಸುತ್ತಾರೆ. ಬಿಸಿ ಎಂಜಿನ್ ಮೇಲೆ ಅದನ್ನು ಮಾಡಬೇಡಿ, ಬೆಂಕಿ ಹತ್ತುತ್ತದೆ.

ಹೊಸ ಸೆನ್ಸರೇ ಕೆಟ್ಟದ್ದಿರಬಹುದಲ್ವಾ ಎಂದು ನೀವು ಕೇಳುತ್ತೀರಿ. ಇರಬಹುದು. ಡಬ್ಬದ ಮೇಲೆ ಏನೇ ಬರೆದಿದ್ದರೂ ಒಳಗಿನ ಥರ್ಮಿಸ್ಟರ್ ಬೇರೆ ಲೆಕ್ಕದ್ದಾಗಿರಬಹುದು. ಇದಕ್ಕೆ ಅಡುಗೆಮನೆ ಬೇಕು. ಹಳೆಯ ಸೆನ್ಸರ್ ಬಿಸಾಡಿಲ್ಲ ತಾನೇ? ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿ. ಇನ್ನು ಅಡುಗೆಗೆ ಬಳಸದ ಒಂದು ಹಳೇ ಪಾತ್ರೆ ತೆಗೆದುಕೊಳ್ಳಿ. ಸೆನ್ಸರುಗಳಿಗೆ ದಾರ ಕಟ್ಟಿ, ಹಿತ್ತಾಳೆ ತಲೆ ಮಾತ್ರ ನೀರಿನಲ್ಲಿ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ಒಂದು ಸೌಟಿನ ಹಿಡಿಗೆ ನೇತುಹಾಕಿ. ಪಿನ್ನುಗಳು ಒಣಗಿರಬೇಕು. 100 ಡಿಗ್ರಿ ತನಕ ತೋರಿಸುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಜ್ವರ ನೋಡುವುದು ಆಗುವುದಿಲ್ಲ. ಸಣ್ಣ ಉರಿಯಲ್ಲಿ ಕಾಯಿಸುತ್ತ, ಪ್ರತಿ 20 ಡಿಗ್ರಿಗೊಮ್ಮೆ ಮೀಟರ್ ಓದಿ ಬರೆದುಕೊಳ್ಳಿ. ನೀರು ಕದಡುತ್ತಿರಿ. 20ಕ್ಕೆ ಎರಡೂವರೆ ಸಾವಿರದ ಹತ್ತಿರ, 40ಕ್ಕೆ 1,100, 60ಕ್ಕೆ 600ರ ಹತ್ತಿರ, 80ಕ್ಕೆ 300 ಚಿಲ್ಲರೆ ಬರಬೇಕು. ಎಲ್ಲೂ ಹಾರಬಾರದು, ಒಂದೇ ಸಮನೆ ಇಳಿಯಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರನ್ನೇ ಅಳತೆ ಮಾಡಿಕೊಳ್ಳಿ. ನಿಮ್ಮ ಎತ್ತರದಲ್ಲಿ ನೀರು 98ಕ್ಕೆ ಕುದಿಯುತ್ತದೆ, ಬೆಂಗಳೂರಿನಲ್ಲಾದರೆ 97ಕ್ಕೆ. ಅಲ್ಲಿ 200 ಓಮಿನ ಆಸುಪಾಸು ಇರಬೇಕು.

ಹಳೆಯದೂ ಇದೇ ಲೆಕ್ಕ ತೋರಿಸಿದರೆ ಬೇಜಾರಾಗಬೇಡಿ. ಆಗ ಮೊದಲಿನ ತೊಂದರೆಯೂ ಕಪ್ಲರಿನದೇ ಆಗಿತ್ತು ಎಂದಾಯಿತು. ಮಳೆಗಾಲ ಶುರುವಾದ ಮೇಲೆ ಬಂತು ಎಂದಿದ್ದೀರಲ್ಲ, ಕಿಲುಬಿಗೆ ತೇವ ಸೇರಿದರೆ ಹಾಗೇ ಆಗುವುದು. ನನಗಂತೂ ಆ ಅನುಮಾನ ಬಲವಾಗಿದೆ. ಮತ್ತೆ ಎಂದಾದರೂ ಸೆನ್ಸರ್ ಕೊಳ್ಳಲು ಶಿವಮೊಗ್ಗಕ್ಕೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋದರೆ ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯ ಕೌಂಟರಿನಲ್ಲೇ ಪಿನ್ನಿಗೆ ಹಿಡಿಯಿರಿ. 25 ಡಿಗ್ರಿ ಹವೆಯಲ್ಲಿ 2,000 ಓಮ್ ಹತ್ತಿರ ತೋರಿಸಬೇಕು. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಕ್ಸಿಜನ್ ಸೆನ್ಸರ್ ಈಗ ಬೇಡ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲಿನ ಹದ ಹೇಳುವುದು ಅದರ ಕೆಲಸ. ಎಂಜಿನ್ ತಣ್ಣಗಿದೆ ಎಂದುಕೊಂಡಿರುವಾಗ ಇಸಿಯು ಆ ಸೆನ್ಸರಿನ ಮಾತನ್ನು ಕೇಳುವುದೇ ಇಲ್ಲ. ಮೊದಲು ಬಿಸಿಯ ಲೆಕ್ಕ ಸರಿಯಾಗಲಿ. ಆಮೇಲೆ ಒಂದು ಎಮಿಷನ್ ಟೆಸ್ಟ್ ಮಾಡಿಸಿ. ಆ ಚೀಟಿಯನ್ನು ಎಲ್ಲರೂ ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು ಎಂದು ಬರೆದಿರುತ್ತದೆ. ಬಿಎಸ್-2 ಮತ್ತು ಬಿಎಸ್-3 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ಹಂತಗಳು) ಪೆಟ್ರೋಲ್ ಕಾರುಗಳಿಗೆ ಮಿತಿ ಶೇ. 0.5. ಅದರ ಒಳಗೆ ಆರಾಮಾಗಿ ಬಂದರೆ ಪೆಟ್ರೋಲ್ ಹದ ಸರಿಯಾಗಿದೆ. ಎರಡು, ಮೂರು ಎಂದಿದ್ದರೆ ಇನ್ನೂ ಎಲ್ಲೋ ಜಾಸ್ತಿ ಸುರಿಯುತ್ತಿದೆ. ಆಗ ಆಕ್ಸಿಜನ್ ಸೆನ್ಸರಿನ ಮಾತು ತೆಗೆಯೋಣ.

ಇಸಿಯು ಗುರುತಿಟ್ಟ ದೋಷದ ಕೋಡ್ ಓದಲು ಆನ್‌ಲೈನಿನಲ್ಲಿ ಬ್ಲೂಟೂತ್ ಡಾಂಗಲ್ ತರಿಸುವ ಯೋಚನೆ ಇದ್ದರೆ ಬಿಡಿ. ನಮ್ಮ ದೇಶದಲ್ಲಿ ಒಬಿಡಿ (ಗಾಡಿ ತನ್ನ ದೋಷವನ್ನು ತಾನೇ ಗುರುತಿಸುವ ವ್ಯವಸ್ಥೆ) ಕಡ್ಡಾಯವಾಗಿದ್ದೇ ಬಿಎಸ್-4 ಜೊತೆ, 2010ರಲ್ಲಿ. ಒಬಿಡಿ-2 ಬಂದಿದ್ದು 2013ರಲ್ಲಿ. 2004ರ ಗಾಡಿಯ ಜೊತೆ ಆ ಡಾಂಗಲ್ ಮಾತಾಡುವುದು ಅನುಮಾನ. ಆ ತಲೆಮಾರಿನ ಸುಜುಕಿ ಎಂಜಿನ್‌ಗಳಲ್ಲಿ ಬೇರೆ ದಾರಿ ಇತ್ತು. ಡಯಾಗ್ನಾಸಿಸ್ ಕಪ್ಲರಿನ ಎರಡು ಪಿನ್ನು ಜೋಡಿಸಿದರೆ ಚೆಕ್ ಎಂಜಿನ್ ಲೈಟೇ ಮಿಣುಕಿ ಕೋಡ್ ಹೇಳುತ್ತದೆ. ಒಂದು ಮಿಣುಕು, ಸ್ವಲ್ಪ ಬಿಟ್ಟು ಎರಡು ಮಿಣುಕು, ಅಂದರೆ 12, ಎಲ್ಲ ಸರಿ. 14 ಬಂದರೆ ಕೂಲೆಂಟ್ ಸೆನ್ಸರಿನ ವೈರು ಬಿಟ್ಟಿದೆ. 15 ಬಂದರೆ ಶಾರ್ಟ್ ಆಗಿದೆ. ನಿಮ್ಮದರಲ್ಲಿ 14 ಬರುತ್ತದೆ ಎನ್ನುವುದು ನನ್ನ ಅಂದಾಜು. ಯಾವ ಪಿನ್ನು ಎಂದು ಊಹಿಸಿ ಜೋಡಿಸಬೇಡಿ. ವೈರಿಂಗ್ ನಕ್ಷೆ ನೋಡಬಲ್ಲ ಹಳೇ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಎಲ್ಲ ಸರಿಮಾಡಿದ ಮೇಲೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ ಒಂದೆರಡು ನಿಮಿಷ ಬಿಟ್ಟರೆ ಹಳೇ ಕೋಡ್ ಅಳಿಯುತ್ತದೆ. ಆಮೇಲೆ ಮೊದಲ ಒಂದೆರಡು ಓಡಾಟದಲ್ಲಿ ಐಡಲ್ ಸ್ವಲ್ಪ ತೂಗಾಡಿದರೆ ಗಾಬರಿಯಾಗಬೇಡಿ.

ಕೆಲಸಕ್ಕೆ ಒಂದು ಭಾನುವಾರ ಬೆಳಗ್ಗೆ ಸಾಕು. ಎದ್ದ ಕೂಡಲೇ, ಎಂಜಿನ್ ತಣ್ಣಗಿರುವಾಗ ಹೋಸ್ ಮುಟ್ಟುವ ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ ಒಂಟಿ ವೈರಿನ ಸೆನ್ಸರಿಗೆ ಅರ್ಥ್ ಹಿಡಿದು ಮುಳ್ಳು ನೋಡುವುದು. ತಿಂಡಿ ತಿಂದು, ಎಂಜಿನ್ ಆರಿದ ಮೇಲೆ ಕಪ್ಲರ್, 5 ವೋಲ್ಟ್, ಟೇಪ್ ಬಿಚ್ಚುವುದು, ಪಾತ್ರೆ, ಕೊನೆಗೆ ಗಾಳಿ ತೆಗೆಯುವುದು.

ಒಂದು ಬಾಕಿ ಉಳಿಯಿತು. ಇಷ್ಟು ದಿನ ಪೆಟ್ರೋಲ್ ಜಾಸ್ತಿ ಸುರಿದಿದೆ. ಸುಡದೆ ಉಳಿದದ್ದು ಸಿಲಿಂಡರ್ ಗೋಡೆ ಇಳಿದು ಎಂಜಿನ್ ಆಯಿಲ್‌ಗೆ ಸೇರಿರಬಹುದು. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ, ಅಥವಾ ಆಯಿಲ್ ಮಟ್ಟ ಮೊದಲಿಗಿಂತ ಮೇಲೆ ಬಂದಿದ್ದರೆ, ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿಬಿಡಿ. ಪ್ಲಗ್ಗುಗಳೂ ಕಾಡಿಗೆ ಹಿಡಿದು ಕಪ್ಪಾಗಿರುತ್ತವೆ. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಟ್ಟು ಒಂದು ಫೋಟೋ ತೆಗೆಯಿರಿ. ನಾಲ್ಕೂ ಒಂದೇ ಸಮ ಕಪ್ಪಗಿದ್ದರೆ ಅದು ಈ ಸೆನ್ಸರಿನ ಕಥೆಯೇ. ಒಂದು ಮಾತ್ರ ಬೇರೆ ಥರ ಇದ್ದರೆ ಆ ಫೋಟೋದ ಜೊತೆ ನನಗೆ ಮತ್ತೆ ಬರೆಯಿರಿ, ಪಾತ್ರೆ ಪರೀಕ್ಷೆಯ ಸಂಖ್ಯೆಗಳನ್ನೂ ಕಳಿಸಿ.